ಅಪ್ಪನ ಮಾತನ್ನು ಅಳೆದವರು: ಬೆಳಗಾವಿಯ ಒಂದು ವಾಕ್ ಚಿಕಿತ್ಸಾ ಕೇಂದ್ರದ ಕುರಿತು

ನನ್ನ ತಂದೆ ರವಿವಾರ ಪೇಟೆಯ ಒಂದು ಬೆಲ್ಲದ ಅಡತಿ ಅಂಗಡಿಯಲ್ಲಿ 41 ವರ್ಷ ಲೆಕ್ಕ ಬರೆದವರು. ಕಳೆದ ಯುಗಾದಿ ಮುಗಿದ ವಾರವೇ ಅವರಿಗೆ ಪಾರ್ಶ್ವವಾಯು ಬಡಿಯಿತು. ಮಿದುಳಿನ ಎಡಭಾಗಕ್ಕೆ ರಕ್ತ ಒಯ್ಯುವ ನಾಳದ ಒಂದು ಕವಲು ಮುಚ್ಚಿಕೊಂಡಿತ್ತು. ಬಲಗೈ ಸ್ವಲ್ಪ ದುರ್ಬಲವಾಯಿತು, ಕಾಲು ಒಂದು ವಾರದಲ್ಲಿಯೇ ನಡೆಯುವಂತಾಯಿತು, ಆದರೆ ಮಾತು ಮಾತ್ರ ಕಲಸಿಹೋಯಿತು. ಒಂಬತ್ತನೆಯ ದಿನ ಮನೆಗೆ ಕಳುಹಿಸಿದಾಗ ಆಸ್ಪತ್ರೆಯವರು ಕೊಟ್ಟ ಕಾಗದದಲ್ಲಿ ಮಾತ್ರೆಗಳ ವಿವರ ಒಂದೂವರೆ ಪುಟವಿತ್ತು. ಮಾತಿನ ಬಗ್ಗೆ ‘ಮಾತಿನಲ್ಲಿ ತೊಂದರೆ’ ಎಂಬ ಅರ್ಥದ ಎರಡು ಇಂಗ್ಲಿಷ್ ಪದಗಳಷ್ಟೇ ಇದ್ದವು. ಯಾವ ತೊಂದರೆ, ಎಷ್ಟು, ಯಾರಲ್ಲಿಗೆ ಹೋಗಬೇಕು ಎಂಬುದನ್ನು ಯಾರೂ ಹೇಳಲಿಲ್ಲ. ಐದು ವಾರ ಕಳೆದ ಮೇಲೆ, ನನ್ನ ಶಾಲೆಯ ಸಹೋದ್ಯೋಗಿಯೊಬ್ಬರು ದಾರಿ ತೋರಿಸಿದ್ದರಿಂದ, ನಗರದ ಒಂದು ಖಾಸಗಿ ವಾಕ್ ಮತ್ತು ಶ್ರವಣ ಚಿಕಿತ್ಸಾ ಕೇಂದ್ರಕ್ಕೆ ಅವರನ್ನು ಕರೆದುಕೊಂಡು ಹೋದೆವು. ಆ ಕೇಂದ್ರದ ಹೆಸರನ್ನು ನಾನು ಬರೆಯುತ್ತಿಲ್ಲ. ಹೊಗಳುವುದರ ಜೊತೆಗೆ ದೂರುವುದೂ ಇದೆ, ದೂರನ್ನು ನೇರವಾಗಿ ಅವರಿಗೇ ಹೇಳಿದ್ದೇನೆ. ಇಲ್ಲಿ ಬರೆಯುತ್ತಿರುವುದು, ಇಂತಹ ಕೇಂದ್ರಕ್ಕೆ ಹೋಗುವವರು ಮೊದಲ ಮೂರು ಭೇಟಿಗಳಲ್ಲಿ ಏನನ್ನು ನಿರೀಕ್ಷಿಸಬೇಕು, ಏನನ್ನು ಕೇಳಿ ಪಡೆಯಬೇಕು ಎಂಬುದು ತಿಳಿಯಲಿ ಎಂದು.

ಮೊದಲೇ ಒಂದು ತಪ್ಪೊಪ್ಪಿಗೆ ಮಾಡಿಕೊಳ್ಳಬೇಕು. ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವವಳು. ಮಕ್ಕಳು ಪದವನ್ನು ತಪ್ಪಾಗಿ ಉಚ್ಚರಿಸಿದರೆ ನಾನು ಸರಿಯಾಗಿ ಹೇಳುತ್ತೇನೆ, ಅವರು ನನ್ನ ಹಿಂದೆ ಹೇಳುತ್ತಾರೆ, ಬರದಿದ್ದರೆ ಮತ್ತೊಮ್ಮೆ ಹೇಳಿಸುತ್ತೇನೆ. ಅಪ್ಪನಿಗೂ ಆ ಐದು ವಾರ ಇದನ್ನೇ ಮಾಡಿದೆ. ಬೆಳಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ, ಎದುರಿಗೆ ತಂಬಿಗೆ, ಚಮಚ, ಕನ್ನಡಕಗಳನ್ನು ಇಟ್ಟುಕೊಂಡು, ‘ಅಪ್ಪಾ, ನಾ ಅಂದಂಗ ಅನ್ರಿ’ ಎಂದು ಹೇಳಿಸುತ್ತಿದ್ದೆ. ಅವರು ‘ಬಂತಿಗಿ... ತಂಗಿಬಿ... ತಂಬಿ... ತಂಬಿಗಿ’ ಎಂದು ಒದ್ದಾಡಿ, ಒಮ್ಮೊಮ್ಮೆ ದಡ ಸೇರುತ್ತಿದ್ದರು, ಹೆಚ್ಚಿನ ಸಲ ಸೇರದೆ ಕೈ ಝಾಡಿಸಿ ಎದ್ದುಹೋಗುತ್ತಿದ್ದರು. ಅಭ್ಯಾಸ ಸಾಲದೆಂದು ನಾನು ತಿಳಿದುಕೊಂಡಿದ್ದೆ. ಊರಿನಿಂದ ಬಂದ ನಮ್ಮ ಸೋದರತ್ತೆ ನಾಲಿಗೆ ತಿರುಗಲಿ ಎಂದು ಬಜೆ ತೇಯ್ದು ಹಚ್ಚಿದರು. ನೆರೆಯವರು ತಲೆಗೇ ಏರಿರಬೇಕು ಎಂದು ದನಿ ತಗ್ಗಿಸಿ ಮಾತಾಡಿಕೊಂಡರು. ನಾಲಿಗೆಯದು, ತಲೆಯದು ಎಂಬ ಈ ಎರಡು ಊಹೆಗಳೂ, ಅಭ್ಯಾಸದ್ದು ಎಂಬ ನನ್ನ ಊಹೆಯೂ ಸುಳ್ಳೆಂದು ಗೊತ್ತಾದದ್ದು ಆ ಕೇಂದ್ರದಲ್ಲಿ.

ಪರೀಕ್ಷೆ ನಡೆಸಿದವರು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದ ಯುವತಿ. 1965ರಲ್ಲಿ ಆರಂಭವಾದ ಆ ಸಂಸ್ಥೆಯ ಹೆಸರನ್ನು ಗೋಡೆಯ ಪ್ರಮಾಣಪತ್ರದಲ್ಲಿ ನೋಡಿದ್ದು ಒಂದು ಸಮಾಧಾನವಾದರೆ, ಅದರ ಪಕ್ಕದಲ್ಲಿಯೇ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆಯನ್ನು ಕಾಣುವಂತೆ ತೂಗುಹಾಕಿದ್ದು ಇನ್ನೊಂದು. ಕೇಂದ್ರ ಯಾವುದೇ ಇರಲಿ, ನೋಂದಣಿಯನ್ನು ನೋಡಿಯೇ ಒಳಗೆ ಹೋಗುವುದು ಒಳ್ಳೆಯದು. ಎರಡು ವಾರದ ತರಬೇತಿ ಪಡೆದು ಫಲಕ ಹಾಕಿಕೊಂಡವರಿಗೂ ನಾಲ್ಕು ವರ್ಷದ ಪದವಿ ಮುಗಿಸಿದವರಿಗೂ ಹೊರಗಿನಿಂದ ವ್ಯತ್ಯಾಸ ಕಾಣುವುದಿಲ್ಲ.

ಮೊದಲ ದಿನ ಅಪ್ಪನನ್ನು ಮಾತಾಡಿಸುವುದಕ್ಕಿಂತ ಹೆಚ್ಚಾಗಿ ನಮ್ಮನ್ನು ಪ್ರಶ್ನೆ ಕೇಳಿದರು. ಅವರು ಯಾವ ಕೈಯಿಂದ ಬರೆಯುತ್ತಿದ್ದರು ಎಂಬುದೇ ಮೊದಲ ಪ್ರಶ್ನೆ. ಬಲಗೈ ಬಳಸುವವರಲ್ಲಿ ಬಹುತೇಕ ಎಲ್ಲರಿಗೂ ಭಾಷೆಯ ಹೊಣೆ ಮಿದುಳಿನ ಎಡ ಅರ್ಧದ ಮೇಲಿರುತ್ತದೆ; ಎಡಚರಲ್ಲಿಯೂ ಹೆಚ್ಚಿನವರಿಗೆ ಹಾಗೆಯೇ, ಆದರೆ ಅಷ್ಟು ಖಚಿತವಾಗಿ ಹೇಳಲಾಗದು. ಆಮೇಲೆ ಭಾಷೆಗಳ ಪಟ್ಟಿ ಬರೆದುಕೊಂಡರು. ಮನೆಯಲ್ಲಿ ಕನ್ನಡ, ಏಳನೆಯ ಇಯತ್ತೆಯವರೆಗೆ ಮರಾಠಿ ಶಾಲೆ, ಅಂಗಡಿಯಲ್ಲಿ ಗಿರಾಕಿಯನ್ನು ನೋಡಿಕೊಂಡು ಕನ್ನಡ ಅಥವಾ ಮರಾಠಿ, ಲಾರಿ ಚಾಲಕರೊಂದಿಗೆ ಹಿಂದಿ. ಯಾವ ಭಾಷೆಯಲ್ಲಿ ಲೆಕ್ಕ ಮಾಡುತ್ತಿದ್ದರು ಎಂದು ಕೇಳಿದಾಗ ನಾನು ತಬ್ಬಿಬ್ಬಾದೆ, ಏಕೆಂದರೆ ಅದು ನನ್ನ ತಲೆಗೆ ಎಂದೂ ಹೊಳೆದಿರಲಿಲ್ಲ. ಅಪ್ಪನೇ ಬೆರಳು ಮಡಚುತ್ತ ‘ಏಕ, ದೋನ್, ತೀನ್’ ಎಂದು ಉತ್ತರ ಕೊಟ್ಟರು.

ನಂತರ ಕಿವಿಯ ಪರೀಕ್ಷೆ ನಡೆಯಿತು. ಮಾತಿನ ತೊಂದರೆಗೆ ಬಂದವರ ಕಿವಿಯನ್ನು ನೋಡುವುದೇಕೆ ಎಂದು ನನ್ನ ತಮ್ಮ ಗೊಣಗಿದ. ಎಪ್ಪತ್ತು ದಾಟಿದವರಿಗೆ ತೀಕ್ಷ್ಣ ದನಿಗಳು ಕೇಳಿಸದಿರುವುದು ಸಾಮಾನ್ಯ; ಕೇಳಿಸದ್ದರಿಂದ ತಪ್ಪು ಉತ್ತರ ಕೊಟ್ಟರೆ ಅದನ್ನು ಅರ್ಥವಾಗದ್ದೆಂದು ಬರೆದುಕೊಳ್ಳುವ ಅಪಾಯವಿರುತ್ತದೆ. ಕಣ್ಣಿನ ವಿಷಯದಲ್ಲಿಯೂ ಇದೇ ಎಚ್ಚರ ತೋರಿದರು. ಅಪ್ಪ ನೇರವಾಗಿ ನೋಡುತ್ತಿರುವಾಗ ಬದಿಯಿಂದ ಬೆರಳನ್ನು ತಂದು ಎಲ್ಲಿ ಕಾಣುತ್ತದೆ ಎಂದು ಕೇಳಿದಾಗ, ಬಲಬದಿಯ ಕೆಳಭಾಗದಲ್ಲಿ ದೃಷ್ಟಿ ಸ್ವಲ್ಪ ಕಡಿಮೆಯಾಗಿರುವುದು ತಿಳಿಯಿತು. ಅಂದಿನಿಂದ ಚಿತ್ರಗಳನ್ನು ಅವರ ಎಡಕ್ಕೆ ಸರಿಸಿಯೇ ಇಟ್ಟರು. ನಾನು ಐದು ವಾರ ವಸ್ತುಗಳನ್ನು ಇಟ್ಟದ್ದು ಬಲಗೈ ಪಕ್ಕದಲ್ಲಿ.

ನಾಲಿಗೆಯ ಪ್ರಶ್ನೆಯನ್ನು ಹದಿನೈದು ನಿಮಿಷದಲ್ಲಿ ಮುಗಿಸಿದರು. ನಾಲಿಗೆ ಹೊರಚಾಚಿಸಿ ಎಡಬಲಕ್ಕೆ ಆಡಿಸಿದರು, ಗಲ್ಲ ಉಬ್ಬಿಸಿದರು, ‘ಪ ಟ ಕ, ಪ ಟ ಕ’ ಎಂದು ಬೇಗ ಬೇಗ ಹೇಳಿಸಿದರು. ಬಾಯಿಯ ಸ್ನಾಯುಗಳು ಸೋತಿದ್ದರೆ ಮಾತು ತೊದಲುತ್ತದೆ, ಎಲ್ಲ ಪದಗಳೂ ಒಂದೇ ರೀತಿ ಮಸುಕಾಗುತ್ತವೆ, ಅದು ಡಿಸಾರ್ಥ್ರಿಯ. ಸ್ನಾಯುಗಳು ಗಟ್ಟಿಯಿದ್ದು, ಅವುಗಳಿಗೆ ಚಲನೆಯ ಕ್ರಮವನ್ನು ಹೇಳಿಕೊಡುವ ಭಾಗ ಕೆಟ್ಟಿದ್ದರೆ, ಬಾಯಿ ತಡಕಾಡುತ್ತದೆ, ಪದವನ್ನು ಆರಂಭಿಸುವುದೇ ಕಷ್ಟವಾಗುತ್ತದೆ, ಹೊರಬಂದ ಅಕ್ಷರ ವಕ್ರವಾಗಿರುತ್ತದೆ. ಅದು ಮಾತಿನ ಅಪ್ರಾಕ್ಸಿಯ. ಅಪ್ಪನ ‘ತಂಗಿಬಿ’ಯಲ್ಲಿ ಪ್ರತಿಯೊಂದು ಅಕ್ಷರವೂ ಸ್ಪಷ್ಟವಾಗಿತ್ತು, ಸರಾಗವಾಗಿತ್ತು, ಅಕ್ಷರಗಳು ತಮ್ಮ ಜಾಗ ಬಿಟ್ಟು ಬೇರೆಡೆ ಕುಳಿತಿದ್ದವು, ಅಷ್ಟೇ. ಇದು ನಾಲಿಗೆಯ ದೋಷವಲ್ಲ, ಭಾಷೆಯ ದೋಷ, ಅಂದರೆ ಅಫೇಸಿಯಾ ಎಂದು ಅವರು ಹೇಳಿದಾಗ ಸೋದರತ್ತೆಯ ಬಜೆ ನೆನಪಾಯಿತು. ತಂಬಿಗೆಗೆ ‘ಗಂಗಾಳ’ ಎಂದರೆ ಅದು ಅರ್ಥದ ನೆರೆಮನೆಗೆ ಹೋದಂತೆ. ‘ತಂಗಿಬಿ’ ಎಂದರೆ ಅರ್ಥ ಸರಿಯಾಗಿ ಸಿಕ್ಕು ದನಿಯ ಜೋಡಣೆಯಲ್ಲಿ ಕೆಟ್ಟಂತೆ. ಅಪ್ಪನ ತಪ್ಪುಗಳಲ್ಲಿ ಎರಡನೆಯ ಬಗೆಯವೇ ಹೆಚ್ಚು. ಪ್ರತಿ ತಪ್ಪನ್ನೂ ಕೇಳಿದಂತೆಯೇ ಅಕ್ಷರ ಬಿಡದೆ ಬರೆದುಕೊಳ್ಳುತ್ತಿದ್ದರು. ‘ತಪ್ಪು’ ಎಂದು ಗುರುತು ಹಾಕಿ ಮುಂದೆ ಹೋಗಲಿಲ್ಲ. ಉತ್ತರಪತ್ರಿಕೆಗಳನ್ನು ತಿದ್ದುವ ನನಗೆ ಇದೊಂದು ಹೊಸ ಪಾಠವಾಗಿತ್ತು.

ಎರಡನೆಯ ದಿನ ನಡೆದದ್ದು ವೆಸ್ಟರ್ನ್ ಅಫೇಸಿಯಾ ಬ್ಯಾಟರಿ ಎಂಬ ಪರೀಕ್ಷೆಯ ಕನ್ನಡ ರೂಪ. ಮೂಲವನ್ನು ಕೆನಡಾದ ನರವೈದ್ಯ ಆಂಡ್ರ್ಯೂ ಕೆರ್ಟೆಸ್ 1982ರಲ್ಲಿ ಪ್ರಕಟಿಸಿದರು. ಅದರಲ್ಲಿನ ಪ್ರಶ್ನೆಗಳನ್ನು ನಾನು ಇಲ್ಲಿ ಬರೆಯುವುದಿಲ್ಲ, ಮೊದಲೇ ಗೊತ್ತಾದರೆ ಅಳತೆ ಕೆಡುತ್ತದೆ. ಆದರೆ ಅದರ ಚೌಕಟ್ಟು ತಿಳಿದಿರುವುದು ಒಳ್ಳೆಯದು, ಏಕೆಂದರೆ ವರದಿ ಕೈಗೆ ಬಂದಾಗ ಅಂಕಿಗಳನ್ನು ಕಂಡು ಗಾಬರಿಯಾಗುವುದು ತಪ್ಪುತ್ತದೆ. ನಾಲ್ಕು ಸಂಗತಿಗಳನ್ನು ಅಳೆಯುತ್ತಾರೆ. ತಾವಾಗಿ ಆಡುವ ಮಾತಿಗೆ 20 ಅಂಕ. ಅದರಲ್ಲಿ ಅರ್ಧ ಮಾತಿನಲ್ಲಿರುವ ವಿಷಯಕ್ಕೆ, ಅರ್ಧ ಮಾತಿನ ಓಟಕ್ಕೆ. ಕೇಳಿದ್ದನ್ನು ಅರಿಯುವುದಕ್ಕೆ 10, ಹೇಳಿದ್ದನ್ನು ಮರಳಿ ಹೇಳುವುದಕ್ಕೆ 10, ಹೆಸರಿಸುವುದಕ್ಕೆ 10. ಒಟ್ಟು 50ನ್ನು ಇಮ್ಮಡಿಸಿದರೆ 100. ಅದನ್ನು ಅಫೇಸಿಯಾ ಸೂಚ್ಯಂಕ ಎನ್ನುತ್ತಾರೆ. ಮೂಲ ಪರೀಕ್ಷೆಯಲ್ಲಿ 93.8ಕ್ಕಿಂತ ಕೆಳಗೆ ಬಂದರೆ ಅಫೇಸಿಯಾ ಇದೆ ಎಂದು ಲೆಕ್ಕ.

ಅಪ್ಪನಿಗೆ ತಾವಾಗಿ ಆಡುವ ಮಾತಿನಲ್ಲಿ 13, ಅರಿಯುವುದರಲ್ಲಿ 8.2, ಹೆಸರಿಸುವುದರಲ್ಲಿ 5.7 ಬಂದವು. ಮರಳಿ ಹೇಳುವುದರಲ್ಲಿ 4.1 ಮಾತ್ರ. ಸೂಚ್ಯಂಕ 62, ಅಂದರೆ ಮಧ್ಯಮ ತೀವ್ರತೆ. ಆ ಒಟ್ಟು ಅಂಕಿಯನ್ನು ನೋಡಿ ನನ್ನ ತಮ್ಮ ‘ಫಸ್ಟ್ ಕ್ಲಾಸ್ ಪಾಸಾಗ್ಯಾರ’ ಎಂದು ನಗೆಯಾಡಿದ. ಆದರೆ ಚಿಕಿತ್ಸಕಿ ಬೆರಳಿಟ್ಟು ತೋರಿಸಿದ್ದು ಒಟ್ಟನ್ನಲ್ಲ, 8.2 ಮತ್ತು 4.1ರ ನಡುವಿನ ಅಂತರವನ್ನು. ಮಾತು ಹರಿಯುತ್ತದೆ, ಕೇಳಿದ್ದು ಬಹುಪಾಲು ಅರ್ಥವಾಗುತ್ತದೆ, ಆದರೆ ಕೇಳಿದ್ದನ್ನು ಹಾಗೆಯೇ ಮರಳಿ ಹೇಳಲು ಆಗುವುದಿಲ್ಲ. ಇದಕ್ಕೆ ಕಂಡಕ್ಷನ್ ಅಫೇಸಿಯಾ ಎಂದು ಹೆಸರು. ಫ್ರೆಂಚ್ ವೈದ್ಯ ಪಾಲ್ ಬ್ರೋಕಾ 1861ರಲ್ಲಿ, ‘ತಾನ್’ ಎಂಬ ಒಂದೇ ಉಚ್ಚಾರ ಉಳಿದಿದ್ದ ರೋಗಿಯ ಮಿದುಳನ್ನು ಪರೀಕ್ಷಿಸಿ ಮಾತಿನ ಉತ್ಪತ್ತಿಗೆ ಎಡಮಿದುಳಿನ ಮುಂಭಾಗದ ಒಂದು ಜಾಗವನ್ನು ಗುರುತಿಸಿದರು. ಜರ್ಮನ್ ವೈದ್ಯ ಕಾರ್ಲ್ ವೆರ್ನಿಕೆ 1874ರಲ್ಲಿ ಅರ್ಥಗ್ರಹಣಕ್ಕೆ ಹಿಂಭಾಗದ ಇನ್ನೊಂದು ಜಾಗವನ್ನು ಗುರುತಿಸಿ, ಎರಡನ್ನೂ ಜೋಡಿಸುವ ದಾರಿಯೊಂದೇ ಕೆಟ್ಟರೆ ಮೂರನೆಯ ಬಗೆಯ ಭಾಷಾದೋಷ ಬರಬೇಕೆಂದು ಮುಂದಾಗಿಯೇ ಊಹಿಸಿದರು. ಆ ದಾರಿಯೆಂದರೆ ಬಿಲ್ಲಿನಂತೆ ಬಾಗಿದ ನರತಂತುಗಳ ಕಟ್ಟು ಎಂದು ಬಹುಕಾಲ ನಂಬಿದ್ದರು. ಈಗಿನ ಸಂಶೋಧಕರು ಅದರ ಪಕ್ಕದ ಮಿದುಳಿನ ಹೊರಪದರವನ್ನೂ, ದನಿಗಳನ್ನು ಕ್ಷಣಕಾಲ ಹಿಡಿದಿಟ್ಟುಕೊಳ್ಳುವ ನೆನಪನ್ನೂ ಕಾರಣವೆಂದು ಎಣಿಸುತ್ತಾರೆ. ಇದನ್ನೆಲ್ಲ ಅವರು ನಮಗೆ ಒಂದು ಕಾಗದದ ಮೇಲೆ ಎರಡು ಊರು ಮತ್ತು ನಡುವಿನ ರಸ್ತೆಯ ಚಿತ್ರ ಬರೆದು ವಿವರಿಸಿದರು.

ಆ ಚಿತ್ರವನ್ನು ನೋಡುತ್ತಿರುವಾಗಲೇ ನಾನು ಐದು ವಾರ ಏನು ಮಾಡಿದ್ದೆ ಎಂಬುದು ಹೊಳೆಯಿತು. ಯಾವ ದಾರಿ ಕುಸಿದಿತ್ತೋ ಅದೇ ದಾರಿಯಲ್ಲಿ ದಿನಕ್ಕೆ ಎರಡು ಹೊತ್ತು ಅಪ್ಪನನ್ನು ನಡೆಸಿದ್ದೆ. ಈ ಬಗೆಯ ಅಫೇಸಿಯಾದಲ್ಲಿ ತನ್ನ ತಪ್ಪು ತನಗೆ ತಿಳಿಯುತ್ತದೆ. ಆದ್ದರಿಂದಲೇ ಅವರು ಪ್ರತಿ ಸಲವೂ ತಿದ್ದಿಕೊಳ್ಳುತ್ತ ಪದದ ಸುತ್ತ ಸುತ್ತುತ್ತಿದ್ದರು, ಆದ್ದರಿಂದಲೇ ಅವರಿಗೆ ಅವಮಾನವೂ ಆಗುತ್ತಿತ್ತು. ಮರಳಿ ಹೇಳಿಸುವುದನ್ನು ಚಿಕಿತ್ಸೆಯಾಗಿಯೂ ಬಳಸುತ್ತಾರೆ, ಆದರೆ ಎರಡಕ್ಷರದ ಪದದಿಂದ ಆರಂಭಿಸಿ, ಗೆಲ್ಲುವಷ್ಟನ್ನೇ ಕೊಟ್ಟು, ಹೆಜ್ಜೆ ಹೆಜ್ಜೆಯಾಗಿ ಉದ್ದ ಮಾಡುತ್ತ ಹೋಗುತ್ತಾರೆ, ಅದನ್ನು ಬಲ್ಲವರು ಮಾಡಬೇಕು ಎಂದು ಆಕೆ ಹೇಳಿದರು. ಮನೆಯವರು ಪರೀಕ್ಷಕರಾಗಬಾರದು ಎಂದು ಹೇಳಿದ್ದು ನನ್ನ ಮುಖ ನೋಡಿಯೇ ಇರಬೇಕು. ಇಷ್ಟನ್ನು ತಿಳಿಸಿದ್ದಕ್ಕಾಗಿಯೇ ನಾವು ಕೊಟ್ಟ ಹಣ ಸಾರ್ಥಕವಾಯಿತೆಂದು ನನ್ನ ಅಭಿಪ್ರಾಯ. ಮೂರು ಭೇಟಿಗಳ ಪರೀಕ್ಷೆಗೆ ನಾವು ಕೊಟ್ಟದ್ದು ಒಟ್ಟು 2,400 ರೂಪಾಯಿ. ಪರೀಕ್ಷೆಯನ್ನು ಅರ್ಧ ಗಂಟೆಯಲ್ಲಿ ಮುಗಿಸಿ ನೇರವಾಗಿ ‘ಥೆರಪಿ’ ಆರಂಭಿಸುತ್ತೇವೆ ಎನ್ನುವವರು ಅಗ್ಗವಾಗಿ ಕಾಣಬಹುದು, ಆದರೆ ಏನು ಕೆಟ್ಟಿದೆ, ಏನು ಉಳಿದಿದೆ ಎಂಬುದನ್ನು ಬೇರ್ಪಡಿಸದೆ ಕೊಡುವ ಅಭ್ಯಾಸ ನನ್ನ ತಂಬಿಗೆ ಪಾಠಕ್ಕಿಂತ ಹೆಚ್ಚಿನದೇನೂ ಆಗುವುದಿಲ್ಲ.

ಈಗ ದೂರಿನ ಮೊದಲ ಭಾಗ. ಪರೀಕ್ಷೆಯ ಹೊರತಾಗಿ ಕೇಂದ್ರದವರದೇ ಒಂದು ಚಿತ್ರಪಟ್ಟಿಗಳ ಕಟ್ಟು ಇದೆ. ಮೊದಲ ದಿನ ಅದನ್ನು ತೋರಿಸಿದವರು ಅಭ್ಯಾಸಕ್ಕೆ ಬಂದಿದ್ದ ವಿದ್ಯಾರ್ಥಿನಿ. ಅಪ್ಪ ಒಂದು ಚಿತ್ರಕ್ಕೆ ‘ಉಳ್ಳಾಗಡ್ಡಿ’ ಎಂದರು, ಒಂದಕ್ಕೆ ‘ಹಣಿಗಿ’ ಎಂದರು, ಇನ್ನೊಂದಕ್ಕೆ ‘ಕಸಬರಿಗಿ’ ಎಂದರು. ಮೂರೂ ಆ ಹೊತ್ತಿನಲ್ಲಿ ಅವರ ಬಾಯಿಂದ ತಡವರಿಸದೆ ಬಂದ ಪದಗಳು, ನಮಗೆ ಹಬ್ಬವೇ ಆಗಿತ್ತು. ಪಟ್ಟಿಯ ಹಿಂದೆ ಅಚ್ಚಾಗಿದ್ದ ಉತ್ತರಗಳು ‘ಈರುಳ್ಳಿ’, ‘ಬಾಚಣಿಗೆ’, ‘ಪೊರಕೆ’. ಹುಡುಗಿ ಮೂರಕ್ಕೂ ಅಡ್ಡಗೆರೆ ಹಾಕಿದಳು. ದಕ್ಷಿಣದ ಕಡೆ ಸಿದ್ಧವಾದ ಪದಪಟ್ಟಿಯನ್ನು ಬೆಳಗಾವಿಯ ಬಾಯಿಗೆ ಹಿಡಿದರೆ ಅಫೇಸಿಯಾ ಇಲ್ಲದ ನನ್ನ ಅವ್ವನಿಗೂ ಹತ್ತಾರು ಅಂಕ ಹೋಗುತ್ತವೆ. ಎರಡನೆಯ ದಿನ ನಮ್ಮ ಚಿಕಿತ್ಸಕಿಯೇ ಆ ಹಾಳೆಯನ್ನು ನೋಡಿ, ಎಲ್ಲ ಚಿತ್ರಗಳನ್ನೂ ಮತ್ತೆ ತೋರಿಸಿ, ಪ್ರತಿ ಸಲವೂ ‘ಕಾಕಾ, ಇದಕ್ಕೆ ನಿಮ್ಮ ಮನೆಯಲ್ಲಿ ಏನಂತೀರಿ?’ ಎಂದು ಕೇಳಿ, ನನ್ನ ಕಡೆ ತಿರುಗಿ ಖಚಿತಪಡಿಸಿಕೊಂಡು ಅಂಕ ಕೊಟ್ಟರು. ಮೈಸೂರು ಕಡೆಯ ಕನ್ನಡ ಆಡುವ ಅವರು ‘ಕಾಕಾ’ ಎನ್ನಲು ಕಲಿತದ್ದನ್ನು ನಾನು ಆಗಲೇ ಮೆಚ್ಚಿದ್ದೆ. ಆದರೆ ಆ ಚಿತ್ರಪಟ್ಟಿಗಳ ಹಿಂದೆ ಈ ಕಡೆಯ ಪದಗಳನ್ನೂ ಬರೆದಿಡುವುದು ಒಂದು ಸಂಜೆಯ ಕೆಲಸ. ಬಟಾಟಿ, ಶೇಂಗಾ, ತಂಬಿಗಿ, ಗಂಗಾಳ, ಪರಾತ ಎಂದು ನಾನೇ ಒಂದು ಪಟ್ಟಿ ಮಾಡಿಕೊಟ್ಟು ಬಂದೆ; ನಾಲ್ಕು ತಿಂಗಳ ನಂತರ ಹೋದಾಗಲೂ ಅಚ್ಚಾದ ಪದಗಳೇ ಇದ್ದವು.

ಮೂರನೆಯ ದಿನವನ್ನು ಮರಾಠಿಗೆ ಮತ್ತು ಓದುಬರಹಕ್ಕೆ ಮೀಸಲಿಟ್ಟಿದ್ದರು. ಎರಡು ಭಾಷೆಯವರಲ್ಲಿ ಯಾವುದು ಮೊದಲು ಮರಳುತ್ತದೆ ಎಂಬ ಬಗ್ಗೆ ಹಳೆಯ ವಾದಗಳಿವೆ: ಬಾಲ್ಯದಲ್ಲಿ ಕಲಿತದ್ದು ಹೆಚ್ಚು ಗಟ್ಟಿ ಎಂದು ಫ್ರೆಂಚ್ ಮನೋವಿಜ್ಞಾನಿ ರಿಬೋ ಹೇಳಿದರೆ, ಕಾಯಿಲೆಗೆ ಮುನ್ನ ಹೆಚ್ಚು ಬಳಕೆಯಲ್ಲಿದ್ದ ಭಾಷೆ ಮೊದಲು ಮರಳುತ್ತದೆ ಎಂದು 1895ರಲ್ಲಿ ಫ್ರೆಂಚ್ ವೈದ್ಯ ಪಿತ್ರ್ ಹೇಳಿದರು. ಈ ಇಬ್ಬರೂ ಹೇಳಿದಂತೆ ನಡೆದುಕೊಳ್ಳದ ರೋಗಿಗಳು ಬೇಕಾದಷ್ಟು ಇದ್ದಾರೆ, ಆದ್ದರಿಂದ ಊಹಿಸದೆ ಎರಡನ್ನೂ ನೋಡಬೇಕು ಎಂಬುದು ಚಿಕಿತ್ಸಕಿಯ ನಿಲುವು. ಮಿಶೆಲ್ ಪಾರಾಡಿ ರೂಪಿಸಿದ ದ್ವಿಭಾಷಾ ಅಫೇಸಿಯಾ ಪರೀಕ್ಷೆಯಂತಹ ಸಾಧನಗಳಲ್ಲಿ ಒಂದು ಭಾಷೆಯ ಪ್ರಶ್ನೆಗಳನ್ನು ಇನ್ನೊಂದಕ್ಕೆ ಸುಮ್ಮನೆ ಅನುವಾದಿಸುವುದಿಲ್ಲ, ಆ ಭಾಷೆಯ ರಚನೆಗೆ ಸರಿಹೊಂದುವಂತೆ ಹೊಸದಾಗಿ ಕಟ್ಟುತ್ತಾರೆ. ನಮ್ಮ ಕೇಂದ್ರದಲ್ಲಿ ಮರಾಠಿಗೆ ಅಂತಹ ಸಾಧನ ಇರಲಿಲ್ಲ. ಮರಾಠಿ ಬಲ್ಲ ಸಹಾಯಕಿಯೊಬ್ಬಳನ್ನು ಕೂರಿಸಿಕೊಂಡು ಸರಳ ಪ್ರಶ್ನೆ, ಹೆಸರಿಸುವುದು, ಮರಳಿ ಹೇಳುವುದನ್ನು ಮಾಡಿಸಿ, ಇದು ಪ್ರಮಾಣೀಕೃತ ಪರೀಕ್ಷೆಯಲ್ಲ, ಅಂಕ ಕೊಟ್ಟಿಲ್ಲ ಎಂದು ವರದಿಯಲ್ಲಿ ಸ್ಪಷ್ಟವಾಗಿ ಬರೆದರು. ಇಲ್ಲದ ಅಂಕವನ್ನು ಹುಟ್ಟಿಸದಿರುವುದು ಸಣ್ಣ ಗುಣವೇನಲ್ಲ.

ಮರಾಠಿಯಲ್ಲಿಯೂ ಮರಳಿ ಹೇಳುವುದು ಅಷ್ಟೇ ಕೆಟ್ಟಿತ್ತು. ಆದರೆ ಅಂಕಿಗಳಲ್ಲಿ ಒಂದು ವಿಚಿತ್ರ ಕಂಡಿತು. ಪದಗಳಲ್ಲಿ ಅಕ್ಷರ ಅದಲುಬದಲಾಗುತ್ತಿದ್ದರೆ, ಅಂಕಿಗಳಲ್ಲಿ ಅಕ್ಷರ ಕೆಡದೆ ಇಡೀ ಅಂಕಿಯೇ ಬದಲಾಗುತ್ತಿತ್ತು. 27 ಎನ್ನಿ ಎಂದರೆ ಸ್ವಚ್ಛವಾಗಿ 37 ಎನ್ನುತ್ತಿದ್ದರು. ಕಂಡಕ್ಷನ್ ಅಫೇಸಿಯಾದಲ್ಲಿ ಹೀಗಾಗುವುದನ್ನು ಬೇರೆಡೆಯೂ ಕಂಡಿದ್ದಾರಂತೆ. ನಂತರ ಚಿಕಿತ್ಸಕಿ ಮಗ್ಗಿ ಹೇಳಿ ಎಂದರು. ಅಪ್ಪ ಕಣ್ಣು ಮುಚ್ಚಿ ಮರಾಠಿ ಶಾಲೆಯ ಪಾವಕಿ, ನಿಮಕಿಗಳನ್ನು, ಅಂದರೆ ಕಾಲು ಮತ್ತು ಅರ್ಧದ ಮಗ್ಗಿಗಳನ್ನು, ಒಂದು ತಪ್ಪೂ ಇಲ್ಲದೆ ರಾಗವಾಗಿ ಹೇಳುತ್ತ ಹೋದರು. ನಾವು ನಿಲ್ಲಿಸಲಿಲ್ಲ. ಸಹಾಯಕಿಗೆ ಪಾವಕಿ ಎಂದರೇನೆಂದೇ ಗೊತ್ತಿರಲಿಲ್ಲ. ಎಳೆಯ ವಯಸ್ಸಿನಲ್ಲಿ ಬಾಯಿಪಾಠವಾದ ಸಾಲುಗಳು, ವಾರಗಳ ಹೆಸರು, ಪ್ರಾರ್ಥನೆ, ಬೈಗುಳ ಇವು ಅಫೇಸಿಯಾದಲ್ಲಿ ಎಷ್ಟೋ ಸಲ ಉಳಿದುಬಿಡುತ್ತವೆ, ಅದರಿಂದ ಭಾಷೆ ಮರಳಿತೆಂದು ಹಿಗ್ಗಬಾರದು ಎಂದು ಆಕೆ ನಂತರ ಮೆಲ್ಲಗೆ ಎಚ್ಚರಿಸಿದರು. ಆದರೂ ಅಂದು ಅಪ್ಪ ಆಟೋದಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು.

ಓದಿನಲ್ಲಿ ಸಿಕ್ಕ ಸಂಗತಿ ಹೆಚ್ಚು ಉಪಯೋಗಕ್ಕೆ ಬಂತು. ಪತ್ರಿಕೆಯ ತಲೆಬರಹವನ್ನು ಗಟ್ಟಿಯಾಗಿ ಓದಿಸಿದರೆ ಪದಗಳು ಮುರಿಯುತ್ತಿದ್ದವು. ಮೌನವಾಗಿ ಓದಿ ಅದಕ್ಕೆ ಹೊಂದುವ ಚಿತ್ರ ತೋರಿಸಿ ಎಂದರೆ ಹತ್ತರಲ್ಲಿ ಒಂಬತ್ತು ಸರಿ. ಹಾಗಿದ್ದರೆ ಅಪ್ಪ ಪ್ರತಿದಿನ ಪತ್ರಿಕೆ ಹಿಡಿದು ಕೂರುವುದು ರೂಢಿಯ ನಟನೆ ಎಂದು ನಾವು ತಿಳಿದದ್ದು ತಪ್ಪು, ಅವರು ಓದುತ್ತಿದ್ದರು. ಬರೆಯುವಾಗ ಒತ್ತಕ್ಷರಗಳು ಜಾಗ ತಪ್ಪುತ್ತಿದ್ದವು, ‘ಬೆಲ್ಲ’ ಎಂಬುದು ‘ಬೆಳ’ ಆಗಿ, ‘ಲೆಬ್ಬ’ ಆಗಿ, ಮೂರನೆಯ ಸಲ ಸರಿಯಾಗುತ್ತಿತ್ತು. ಆದರೆ ಮೊದಲ ಅಕ್ಷರವನ್ನು ಚಿಕಿತ್ಸಕಿ ಬರೆದು ತೋರಿಸಿದರೆ ಉಳಿದದ್ದು ಬಾಯಿಗೆ ಬರುತ್ತಿತ್ತು. ಇದನ್ನು ಅವರು ‘ಯಾವ ಊರುಗೋಲು ನಡೆಯುತ್ತದೆ’ ಎಂಬ ಶೀರ್ಷಿಕೆಯಲ್ಲಿ ಪ್ರತ್ಯೇಕವಾಗಿ ಬರೆದುಕೊಟ್ಟರು: ಮೊದಲ ದನಿಯ ಸುಳಿವು ಅರ್ಧಕ್ಕಿಂತ ಹೆಚ್ಚು ಸಲ, ಬರೆದ ಅಕ್ಷರದ ಸುಳಿವು ಬಹುಪಾಲು, ಅರ್ಥದ ಸುಳಿವು ಬಹಳ ಕಡಿಮೆ. ಈಗ ನಮ್ಮ ಮನೆಯ ಪ್ರತಿ ಕೋಣೆಯಲ್ಲಿ ಒಂದು ಪಾಟಿ ಮತ್ತು ಬಳಪ ಇದೆ.

ಪರೀಕ್ಷೆಯ ಗುಣಮಟ್ಟಕ್ಕೆ ಹೋಲಿಸಿದರೆ ಕೇಂದ್ರದ ಉಳಿದ ವ್ಯವಸ್ಥೆ ಕಳಪೆ. ಕೇಂದ್ರ ಮೊದಲ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ, ಮೆಟ್ಟಿಲಿನ ಕಟಾಂಜನ ಎಡಬದಿಗೆ ಮಾತ್ರ ಇದೆ. ಹತ್ತುವಾಗ ಅಪ್ಪ ಎಡಗೈಯಿಂದ ಅದನ್ನು ಹಿಡಿದುಕೊಳ್ಳುತ್ತಾರೆ, ಇಳಿಯುವಾಗ ಅದು ದುರ್ಬಲ ಕೈಯ ಕಡೆಗೆ ಬರುತ್ತದೆ. ಪಾರ್ಶ್ವವಾಯುವಿನ ರೋಗಿಗಳೇ ಹೆಚ್ಚಾಗಿ ಬರುವ ಜಾಗದಲ್ಲಿ ಇದು ಅಕ್ಷಮ್ಯ. ಕಾಯುವ ಕೋಣೆಯಲ್ಲಿ ದೂರದರ್ಶನ ಇಡೀ ಹೊತ್ತು ಕಿರುಚುತ್ತಿರುತ್ತದೆ; ಗದ್ದಲದಲ್ಲಿ ಮಾತು ಅರಿಯಲು ಕಷ್ಟಪಡುವವರನ್ನು ಅರ್ಧ ಗಂಟೆ ಅಲ್ಲಿ ದಣಿಸಿ, ಒಳಗೆ ಕರೆದು ಅರಿಯುವ ಶಕ್ತಿಯನ್ನು ಅಳೆಯುವುದು ಯಾವ ನ್ಯಾಯ? ವರದಿ ಪೂರ್ತಿ ಇಂಗ್ಲಿಷಿನಲ್ಲಿತ್ತು. ಕೇಳಿಕೊಂಡ ಮೇಲೆ ಒಂದು ಪುಟದ ಕನ್ನಡ ಸಾರಾಂಶವನ್ನು ಕೈಬರಹದಲ್ಲಿ ಕೊಟ್ಟರು, ಅದು ಚೆನ್ನಾಗಿತ್ತು, ಆದರೆ ಕೇಳಲು ಹಿಂಜರಿಯುವ ಮನೆಯವರಿಗೆ ಅದು ಸಿಗುವುದಿಲ್ಲ.

ಚಿಕಿತ್ಸೆಯ ವೇಳಾಪಟ್ಟಿಯೂ ಸಾಲದು. ನಮಗೆ ಸಿಕ್ಕದ್ದು ವಾರಕ್ಕೆ ಎರಡು ಸಲ, 45 ನಿಮಿಷ. ಹೆಚ್ಚು ಗಂಟೆಗಳ ಚಿಕಿತ್ಸೆ ಪಡೆದವರಲ್ಲಿ ದಿನನಿತ್ಯದ ಸಂವಹನ ಹೆಚ್ಚು ಸುಧಾರಿಸುತ್ತದೆ, ಆದರೆ ಅಷ್ಟನ್ನು ತಾಳಲಾರದೆ ನಡುವೆ ಬಿಡುವವರೂ ಹೆಚ್ಚಾಗುತ್ತಾರೆ ಎಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2016ರ ಕಾಕ್ರೇನ್ ಸಮೀಕ್ಷೆ ಹೇಳುತ್ತದೆ. ಅಪ್ಪ ತಾಳುವವರೇ, ಕೇಂದ್ರದಲ್ಲಿ ಬಿಡುವಿರಲಿಲ್ಲ.

ಇನ್ನೊಂದು ಲೋಪ ಹಣಕಾಸಿಗೆ ಸಂಬಂಧಿಸಿದ್ದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಪಟ್ಟಿ ಮಾಡಿರುವ 21 ವೈಕಲ್ಯಗಳಲ್ಲಿ ವಾಕ್ ಮತ್ತು ಭಾಷಾ ವೈಕಲ್ಯವೂ ಒಂದು. ಅದರ ವ್ಯಾಖ್ಯೆಯಲ್ಲಿ ಅಫೇಸಿಯಾದ ಹೆಸರೇ ಇದೆ. ಶಾಶ್ವತವೆಂದು ತೀರ್ಮಾನವಾದವರಿಗೆ ಮಾತ್ರ ಅದು ಅನ್ವಯಿಸುವುದರಿಂದ ಆರಂಭದಲ್ಲಿಯೇ ಪ್ರಮಾಣಪತ್ರ ಸಿಗದು ಎಂಬುದು ಸರಿ. ಆದರೆ ಇಂತಹದೊಂದು ಇದೆ ಎಂಬ ಮಾಹಿತಿಯನ್ನು ಕೇಂದ್ರದವರು ಕೊಡಬೇಕಿತ್ತು. ನನಗೆ ಅದು ಗೊತ್ತಾದದ್ದು ಬ್ಯಾಂಕಿನ ಸರದಿಯಲ್ಲಿ, ಇನ್ನೊಬ್ಬ ರೋಗಿಯ ಮಗನಿಂದ. ಬ್ಯಾಂಕಿಗೆ ಹೋದದ್ದಕ್ಕೂ ಕಾರಣವಿತ್ತು: ಅಪ್ಪನ ಸಹಿ ಬದಲಾಗಿಲ್ಲ, ಮೊತ್ತ ಅರ್ಥವಾಗುತ್ತದೆ, ಆದರೆ ಬಾಯಲ್ಲಿ ಬೇರೆ ಅಂಕಿ ಬರುತ್ತದೆ ಎಂಬುದನ್ನು ಅಲ್ಲಿಯವರಿಗೆ ಮನಗಾಣಿಸಬೇಕಿತ್ತು. ಆ ದಿನ ಕೆಲಸಕ್ಕೆ ಬಂದದ್ದು ಅದೇ ಇಂಗ್ಲಿಷ್ ವರದಿ. ಅರಿಯುವುದರಲ್ಲಿ 8.2 ಎಂಬ ಸಾಲಿನ ಕೆಳಗೆ ವ್ಯವಸ್ಥಾಪಕರು ಪೆನ್ಸಿಲಿನಿಂದ ಗೆರೆ ಎಳೆದು, ಅಪ್ಪನತ್ತ ತಿರುಗಿ ಅವರನ್ನೇ ಮಾತಾಡಿಸಿದರು. ಅಲ್ಲಿಯವರೆಗೆ ಎಲ್ಲರೂ ಮಾತಾಡುತ್ತಿದ್ದುದು ನನ್ನೊಂದಿಗೆ.

ನಾಲ್ಕು ತಿಂಗಳ ನಂತರ ಅದೇ ಪರೀಕ್ಷೆಯನ್ನು ಮತ್ತೆ ಮಾಡಿದರು. ತಾವಾಗಿ ಆಡುವ ಮಾತು 15, ಅರಿಯುವುದು 9.1, ಹೆಸರಿಸುವುದು 7.4, ಮರಳಿ ಹೇಳುವುದು 5, ಸೂಚ್ಯಂಕ 73. ಈ 11 ಅಂಕಗಳಲ್ಲಿ ಚಿಕಿತ್ಸೆಯದು ಎಷ್ಟು, ಮೊದಲ ತಿಂಗಳುಗಳಲ್ಲಿ ಮಿದುಳು ತಾನಾಗಿ ಚೇತರಿಸಿಕೊಂಡದ್ದು ಎಷ್ಟು ಎಂದು ಬೇರೆ ಮಾಡಲಾಗದು ಎಂದು ಚಿಕಿತ್ಸಕಿಯೇ ಹೇಳಿದರು, ಆದ್ದರಿಂದ ನಾನೂ ಅದನ್ನು ಕೇಂದ್ರದ ಖಾತೆಗೆ ಪೂರ್ತಿಯಾಗಿ ಜಮಾ ಮಾಡುವುದಿಲ್ಲ. ಮರಳಿ ಹೇಳುವ ದಾರಿ ಇನ್ನೂ ದುರಸ್ತಿಯಲ್ಲಿದೆ. ಆದರೆ ಅಪ್ಪ ಈಗ ಪದ ಸಿಗದಿದ್ದಾಗ ಕೈ ಝಾಡಿಸಿ ಏಳುವುದಿಲ್ಲ, ಪಾಟಿ ಎಳೆದುಕೊಂಡು ಮೊದಲ ಅಕ್ಷರ ಬರೆಯುತ್ತಾರೆ, ಅದನ್ನು ನೋಡುತ್ತ ಪದವನ್ನು ಹೇಳುತ್ತಾರೆ. ನಾವು ನಡುವೆ ಬಾಯಿ ಹಾಕುವುದನ್ನು ಬಿಟ್ಟಿದ್ದೇವೆ, ಸೋದರತ್ತೆಯೊಬ್ಬರನ್ನು ಬಿಟ್ಟು.

ಅಲ್ಲಿಗೆ ಹೋಗುವವರು ಬೆಳಗಿನ ಹನ್ನೊಂದಕ್ಕೆ ಮೊದಲಿನ ಸಮಯವನ್ನು ಕೇಳಿ ಪಡೆಯಲಿ, ಆಗ ರೋಗಿಯೂ ದಣಿದಿರುವುದಿಲ್ಲ, ದೂರದರ್ಶನವೂ ಶುರುವಾಗಿರುವುದಿಲ್ಲ. ಕನ್ನಡಕ, ಶ್ರವಣಯಂತ್ರ ಇದ್ದರೆ ಮರೆಯದೆ ಒಯ್ಯಬೇಕು, ಮಿದುಳಿನ ಸ್ಕ್ಯಾನ್ ವರದಿಯನ್ನೂ ಒಯ್ಯಬೇಕು. ಮನೆಯಲ್ಲಿ ಬಳಸುವ ವಸ್ತುಗಳ ಹೆಸರನ್ನು ನಿಮ್ಮ ಮಾತಿನಲ್ಲಿಯೇ ಒಂದು ಹಾಳೆಯಲ್ಲಿ ಬರೆದುಕೊಂಡು ಹೋದರೆ ಅಂಕ ಕೊಡುವವರಿಗೆ ದಾರಿ ತಪ್ಪುವುದಿಲ್ಲ. ಚಿಕಿತ್ಸೆಗೆ ಒಂದು ಭೇಟಿಗೆ 600 ರೂಪಾಯಿ. ರಸೀದಿ ಕೇಳಿದರೆ ಕೊಡುತ್ತಾರೆ. ನಮ್ಮ ಮುಂದಿನ ಪರೀಕ್ಷೆ ದೀಪಾವಳಿಯ ನಂತರ ಇದೆ. ಮೆಟ್ಟಿಲಿನ ಬಲಬದಿಗೂ ಕಟಾಂಜನ ಹಾಕಿಸಬೇಕೆಂದು ಈ ಸಲ ಲಿಖಿತವಾಗಿ ಕೊಟ್ಟಿದ್ದೇವೆ. ಅರ್ಜಿಯ ಕೆಳಗೆ ಸಹಿ ಅಪ್ಪನದು.